ಕೆರೆ ತಳದ ಕೊಳವೆಗೆ ಒಂದೇ ಬಾಯಿ, ಮುಳುಗುವವನಿಗೆ ಒಂದೇ ಪ್ರಾಣ

ನಲ್ಲಿಯಲ್ಲಿ ನೀರು ನಿಂತಿತೆಂದರೆ ನಮ್ಮ ಜನ ಮೊದಲು ಹಿಡಿಯುವುದು ವಾಟರ್‌ಮ್ಯಾನ್‌ನ ಕೊರಳಪಟ್ಟಿ. ಅವನು ಓವರ್‌ಹೆಡ್ ಟ್ಯಾಂಕಿನ ಕಡೆ ಕೈ ತೋರಿಸುತ್ತಾನೆ. ಟ್ಯಾಂಕಿನವನು ಪಂಪ್‌ಹೌಸ್ ಕಡೆ, ಪಂಪ್‌ಹೌಸ್‌ನವನು ಕರೆಂಟಿನ ಕಡೆ, ಕರೆಂಟಿನವರು ದೇವರ ಕಡೆ. ಅಲ್ಲಿಗೆ ವಿಚಾರಣೆ ಮುಕ್ತಾಯ. ಸಂಜೆ ಒಂದು ಟ್ಯಾಂಕರ್ ಬಂದರೆ ಸಿಟ್ಟೂ ಮುಕ್ತಾಯ.

ಆದರೆ ಈ ಸರಪಣಿಗೆ ಇನ್ನೂ ಒಂದು ಕೊಂಡಿ ಉಂಟು. ಪಂಪ್‌ಹೌಸಿನಿಂದ ಆಚೆಗೆ, ಕೆರೆಯೊಳಗೆ, ಹತ್ತಾರು ಅಡಿ ನೀರಿನ ಕೆಳಗೆ, ಹೂಳಿನಲ್ಲಿ ಅರ್ಧ ಹೂತು ಕೂತಿರುವ ಒಂದು ಕೊಳವೆ. ಊರು ಕುಡಿಯುವ ನೀರೆಲ್ಲ ಆ ಕೊಳವೆಯ ಮೂತಿಯಿಂದಲೇ ಒಳಗೆ ಬರಬೇಕು. ಶುದ್ಧೀಕರಣ ಘಟಕಕ್ಕೆ ಮಂತ್ರಿಗಳು ಬಂದು ಟೇಪು ಕತ್ತರಿಸುತ್ತಾರೆ, ಟ್ಯಾಂಕಿನ ಮೇಲೆ ಶಾಸಕರ ಹೆಸರು ಬರೆಸುತ್ತಾರೆ. ಕೆರೆ ತಳದ ಕೊಳವೆಗೆ ಹೆಸರು ಬರೆಸಿ ಏನು ಫಲ? ಮೀನು ಓದುವುದಿಲ್ಲ, ಓಟೂ ಹಾಕುವುದಿಲ್ಲ. ಹಾಗಾಗಿ ಅದರ ನೆನಪು ಯಾರಿಗೂ ಇಲ್ಲ. ಅದು ಕೆಟ್ಟ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ಆ ದಿನ ಒಬ್ಬ ಮನುಷ್ಯನನ್ನು ಹಗ್ಗ ಕಟ್ಟಿ ಕೆಳಗೆ ಇಳಿಸುತ್ತಾರೆ.

ಈ ವಾರ ಆ ಕೊಳವೆಯ ಮಾತು, ಆ ಮನುಷ್ಯನ ಮಾತು.

ದುರ್ಗದ ಜಿಲ್ಲೆಗೆ ಇದು ಯಾಕೆ ದೊಡ್ಡ ಮಾತು

ಚಿತ್ರದುರ್ಗ ಜಿಲ್ಲೆಗೆ ನೀರಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್ ಕೊರೆದರೆ ಒಂದೋ ಧೂಳು, ಇಲ್ಲವೇ ಫ್ಲೋರೈಡ್. ಹಲ್ಲು ಕಂದಿದ ಮಕ್ಕಳು, ಮೊಣಕಾಲು ಹಿಡಿದುಕೊಂಡು ನಡೆಯುವ ಹಿರಿಯರು ಯಾವ ಹಳ್ಳಿಯಲ್ಲಿ ಇಲ್ಲ? ಆದ್ದರಿಂದಲೇ ನಾವು ನೆಲದೊಳಗಿನ ನೀರನ್ನು ಬಿಟ್ಟು ಕೆರೆ, ಜಲಾಶಯಗಳ ಕಡೆ ಮುಖ ಮಾಡಿದ್ದು. ಅದು ಸರಿಯಾದ ದಾರಿಯೇ.

ಲೆಕ್ಕ ಹಾಕಿ ನೋಡಿ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ. ಪೂರ್ತಿ ತುಂಬಿದರೆ 130 ಅಡಿ, 30 ಟಿಎಂಸಿ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗ ಇದರ ನೀರು ಕುಡಿಯುತ್ತವೆ. ಎರಡನೆಯದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಸರ್ಕಾರಿ ಕಾಗದದಲ್ಲಿ ಶಾಂತಿಸಾಗರ. ಕೆರೆ ಇರುವುದು ದಾವಣಗೆರೆ ಜಿಲ್ಲೆಯಲ್ಲಿ, ಬಾಯಾರಿಕೆ ಇರುವುದು ನಮ್ಮ ಕೋಟೆಯ ಕೆಳಗೆ. ಮೂರನೆಯದು ತುಂಗಭದ್ರಾ ಹಿನ್ನೀರಿನ ಯೋಜನೆ. ಎರಡು ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟು ಖರ್ಚು. ಹಿನ್ನೀರಿನಿಂದ ಎತ್ತಿದ ನೀರು ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ ದಾಟಿ ಪಾವಗಡದವರೆಗೆ ಹೋಗಬೇಕು. ಫ್ಲೋರೈಡ್ ತಿಂದು ಬದುಕಿದ ತಾಲ್ಲೂಕುಗಳಿಗೆ ಇದು ಸಂಜೀವಿನಿಯೇ ಸರಿ.

ಮೂರೂ ಒಳ್ಳೆಯ ಕೆಲಸ. ಆದರೆ ಒಂದು ಮಾತು ಗಮನಿಸಬೇಕು. ಹಳ್ಳಿಗೆ ಹತ್ತು ಬೋರ್ ಇದ್ದಾಗ ಒಂದು ಕೆಟ್ಟರೆ ಒಂಬತ್ತು ಉಳಿಯುತ್ತಿತ್ತು. ನೂರಾರು ಹಳ್ಳಿಗೆ ಒಂದೇ ಕೊಳವೆ ಅಂದಾಗ ಅದು ಕೆಟ್ಟರೆ ಉಳಿಯುವುದು ಶೂನ್ಯ. ಯೋಜನೆ ದೊಡ್ಡದಾದಷ್ಟೂ ಒಂದು ಮೂತಿಯ ಮೇಲಿನ ಭಾರವೂ ದೊಡ್ಡದಾಗುತ್ತದೆ.

ನೀರಿನೊಳಗೆ ಏನಿರುತ್ತದೆ?

ಇಂಥ ಯೋಜನೆಗಳ ಹೂರಣ ಬಹಳ ಕಡೆ ಒಂದೇ. ಕೆರೆಯ ದಂಡೆಯಲ್ಲೋ, ಸ್ವಲ್ಪ ಒಳಗೋ ಒಂದು ಆಳವಾದ ಕಾಂಕ್ರೀಟ್ ಬಾವಿ. ಅದೇ ಜಾಕ್‌ವೆಲ್. ಬಾವಿಯ ಮೇಲೆ ಪಂಪು, ಮೋಟರು. ಬಾವಿಯ ತಳದಿಂದ ಕೆರೆಯ ಆಳದ ಕಡೆಗೆ ಚಾಚಿದ ಕೊಳವೆ. ಕೊಳವೆಯ ತುದಿಗೆ ಕಸ, ಮೀನು, ಜೊಂಡು ನುಗ್ಗದಂತೆ ಜಾಲರಿ. ಪಂಪು ಬಾವಿಯ ನೀರನ್ನು ಎಳೆದಂತೆ ಬಾವಿಯ ಮಟ್ಟ ಇಳಿಯುತ್ತದೆ. ಕೆರೆಯ ಮಟ್ಟ ಮೇಲಿರುವುದರಿಂದ ನೀರು ತಾನಾಗಿಯೇ ಕೊಳವೆಯೊಳಗಿಂದ ಬಾವಿಗೆ ನುಗ್ಗುತ್ತದೆ. ಇಷ್ಟೇ ವಿದ್ಯೆ.

ಕಬ್ಬಿಣದ ಕೊಳವೆಗೆ ತುಕ್ಕು ಹಿಡಿಯುತ್ತದೆ. ಎರಡು ಕೊಳವೆ ಕೂಡುವ ಕಡೆ ಬೋಲ್ಟು ತಿಂದುಹೋಗುತ್ತದೆ, ರಬ್ಬರ್ ಗ್ಯಾಸ್ಕೆಟ್ ಸೀಳುತ್ತದೆ. ಕೆಳಗಿನ ಹೂಳು ಸರಿದು ಕೊಳವೆ ಒಂದು ಕಡೆ ಜಗ್ಗುತ್ತದೆ. ಜಾಲರಿಗೆ ಜೊಂಡು, ಹರಿದ ಬಲೆ, ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತದೆ. ಕೊಳವೆ ನಡುವೆ ಬಿರುಕು ಬಿಟ್ಟರೆ ನೀರು ನಿಲ್ಲುವುದಿಲ್ಲ, ನೀರಿನ ಜೊತೆ ಕೆಸರು ಬರುತ್ತದೆ. ಮನೆಯಲ್ಲಿ ಹೆಂಗಸರು ಕೊಡಕ್ಕೆ ಬಟ್ಟೆ ಕಟ್ಟಿ ಸೋಸುತ್ತಾರೆ. ಇಲಾಖೆಯವರು ಆಲಂ ಜಾಸ್ತಿ ಹಾಕುತ್ತಾರೆ. ಕೊಳವೆ ಮಾತ್ರ ಹಾಗೇ ಇರುತ್ತದೆ.

ಇದು ನಮ್ಮ ಊರಿನ ರೋಗ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದಲ್ಲಿ ಈರಿ ಸರೋವರದ ದಂಡೆಯ ಮನ್ರೋ ಅನ್ನುವ ಊರಿಗೆ 1989ರಲ್ಲಿ ಎರಡು ದಿನ ನೀರೇ ಇರಲಿಲ್ಲ. ಕಾರಣ? ಬೆರಳಿನ ಉಗುರಿನಷ್ಟು ದೊಡ್ಡ ಚಿಪ್ಪಿನ ಹುಳು. ಜೀಬ್ರಾ ಮಸಲ್ ಅಂತ ಹೆಸರು. ಹೊರದೇಶದಿಂದ ಹಡಗಿನಲ್ಲಿ ಬಂದದ್ದು ಕೊಳವೆಯ ಮೂತಿಗೆ ಮೆತ್ತಿಕೊಂಡು ಉಸಿರು ಕಟ್ಟಿಸಿತು. ಅಲ್ಲಿಂದೀಚೆಗೆ ಆ ಸರೋವರಗಳ ಊರುಗಳಲ್ಲಿ ಮುಳುಗುವವರು ಕೆಳಗಿಳಿದು ಮೂತಿ ನೋಡುವುದು, ಕೆರೆದು ಸ್ವಚ್ಛ ಮಾಡುವುದು ಮಾಮೂಲಿ ಕೆಲಸವಾಯಿತು.

ನಮ್ಮಲ್ಲಿ ಹಿಂದೆ ಒಂದು ಸುಲಭ ಉಪಾಯ ಇತ್ತು. ಬೇಸಿಗೆ ಬರಲಿ, ಕೆರೆ ಇಳಿಯಲಿ, ಆಮೇಲೆ ರಿಪೇರಿ ನೋಡೋಣ. ಬರಗಾಲವೇ ನಮ್ಮ ಮೇಸ್ತ್ರಿ. ಆದರೆ ಕಾಲ ತಿರುಗಿದೆ. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಅದಾಗಿ ಮೂರು ವರ್ಷ ತುಂಬುವುದರೊಳಗೆ, 2025ರ ಜನವರಿಯಲ್ಲಿ, ಮತ್ತೊಮ್ಮೆ ತುಂಬಿ ಹರಿಯಿತು. ಭದ್ರೆಯ ನೀರೂ ಬಂದು ಸೇರುತ್ತಿದೆ. ಜನ ಬಾಗಿನ ಬಿಟ್ಟರು, ಸಂತೋಷ. ಆದರೆ ತುಂಬಿದ ಕೆರೆಯ ತಳ ಕಾಣುವುದಿಲ್ಲ ಸ್ವಾಮಿ. ತುಂಬಿದ ಕೆರೆಯಲ್ಲಿ ಕೊಳವೆ ಕೆಟ್ಟರೆ ಬೇಸಿಗೆಗೆ ಕಾಯುವ ಹಾಗಿಲ್ಲ. ಮನುಷ್ಯ ಇಳಿಯಲೇಬೇಕು.

ಇಳಿದವನು ಏನು ಮಾಡುತ್ತಾನೆ?

ಈಗ ಹಳೆಯ ಕಬ್ಬಿಣದ ಬದಲು ದಪ್ಪ ಪ್ಲಾಸ್ಟಿಕ್ ಕೊಳವೆ ಹಾಕುವುದುಂಟು. ಎಚ್‌ಡಿಪಿಇ ಅಂತಾರೆ, ಕಪ್ಪು ಬಣ್ಣ, ತುಕ್ಕಿನ ಭಯ ಇಲ್ಲ. ತುಂಡುಗಳನ್ನು ದಂಡೆಯ ಮೇಲೆಯೇ ಬಿಸಿ ಮಾಡಿ ಒಂದಕ್ಕೊಂದು ಕರಗಿಸಿ ಕೂಡಿಸುತ್ತಾರೆ. ಎರಡೂ ತುದಿ ಮುಚ್ಚಿ ನೀರಿಗೆ ಬಿಟ್ಟರೆ ಉದ್ದನೆಯ ಹಾವಿನ ಹಾಗೆ ತೇಲುತ್ತದೆ. ಮೈಮೇಲೆ ಅಲ್ಲಲ್ಲಿ ಕಾಂಕ್ರೀಟಿನ ಭಾರ ಕಟ್ಟಿರುತ್ತಾರೆ. ದೋಣಿಯಿಂದ ಎಳೆದು ಜಾಗಕ್ಕೆ ತಂದು, ಒಂದು ತುದಿಯಿಂದ ನಿಧಾನವಾಗಿ ನೀರು ತುಂಬಿ, ಇನ್ನೊಂದು ತುದಿಯಿಂದ ಗಾಳಿ ಬಿಡುತ್ತಾ ಮುಳುಗಿಸುತ್ತಾರೆ. ಅವಸರ ಮಾಡಿದರೆ ಕೊಳವೆ ಮಡಚಿಕೊಂಡು ಬಿಡುತ್ತದೆ.

ಮೇಲಿನ ಕೆಲಸ ಇಷ್ಟು. ಕೆಳಗಿನದು ಪೂರ್ತಿ ಮುಳುಗುವವನದು. ಹೂಳು ತೆಗೆದು ಹಾಸು ಮಾಡಬೇಕು, ಹಳೇ ಕೊಳವೆಯ ಬೋಲ್ಟು ಕತ್ತರಿಸಬೇಕು, ಹೊಸದನ್ನು ಬಾವಿಯ ಬಾಯಿಗೆ ಸರಿಯಾಗಿ ಕೂರಿಸಿ ಒಂದೊಂದೇ ನಟ್ಟು ಬಿಗಿಯಬೇಕು. ಸಿನಿಮಾದಲ್ಲಿ ತೋರಿಸುವ ನೀಲಿ ಸಮುದ್ರ, ಬಣ್ಣದ ಮೀನು ಇಲ್ಲಿ ಇಲ್ಲ. ನಮ್ಮ ಕೆರೆಗಳ ಆಳದಲ್ಲಿ ಹೂಳು ಕದಡಿದರೆ ಮುಖದ ಮುಂದೆ ಹಿಡಿದ ಸ್ವಂತ ಕೈ ಕಾಣದು. ಬಿಗಿಯುವುದು, ಬಿಚ್ಚುವುದು, ಅಳೆಯುವುದು ಎಲ್ಲ ಬೆರಳಿನ ತುದಿಯಿಂದ. ಕುರುಡ ಮೆಕ್ಯಾನಿಕ್ ಅಂತಾರಲ್ಲ, ಹಾಗೆ.

ಇಂಥ ಕೆಲಸಕ್ಕೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಹೋಗುವುದು ಜಾಣತನ ಅಲ್ಲ. ಮೇಲಿನಿಂದ ಗಾಳಿಯ ಕೊಳವೆ, ಮಾತಾಡುವ ತಂತಿ, ಎಳೆಯುವ ಹಗ್ಗ ಮೂರೂ ಸೇರಿದ ಹುರಿ ಅವನಿಗೆ ಇರಬೇಕು. ಅದನ್ನು ಕೈಯಲ್ಲಿ ಹಿಡಿದು ಬಿಡುವವನು ಒಬ್ಬ. ಸಮಯ, ಆಳ ಬರೆದುಕೊಳ್ಳುವ ಮೇಲ್ವಿಚಾರಕ ಒಬ್ಬ. ಎಲ್ಲಕ್ಕಿಂತ ಮುಖ್ಯವಾಗಿ, ಡ್ರೆಸ್ ಹಾಕಿ ಕೂತು, ಕೂಗಿದ ತಕ್ಷಣ ನೀರಿಗೆ ಹಾರಲು ತಯಾರಾಗಿರುವ ಇನ್ನೊಬ್ಬ ಮುಳುಗುವವನು. ಅಂದರೆ ಒಬ್ಬ ಕೆಳಗೆ ಹೋಗಬೇಕಾದರೆ ಮೇಲೆ ಕನಿಷ್ಠ ಮೂವರು. ಒಬ್ಬನ ಕೂಲಿ ಕೊಟ್ಟು ಒಬ್ಬನನ್ನೇ ಇಳಿಸಿದರೆ ಉಳಿತಾಯವಾಯಿತು ಅಂತ ಕಂಟ್ರಾಕ್ಟರು ನಗಬಹುದು. ಆ ನಗು ಹೆಣದ ಮೇಲಿನದು.

ಆಳದ ಲೆಕ್ಕವೂ ಬೇರೆ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಂಡೆಯ ಮೇಲಿದ್ದದ್ದಕ್ಕೆ ಎರಡರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ತಟಕ್ಕನೆ ಮೇಲೆ ಬಂದರೆ ಸೋಡಾ ಬಾಟ್ಲಿ ತೆಗೆದಂತೆ ಗುಳ್ಳೆ ಏಳುತ್ತದೆ. ಗಂಟುಗಂಟು ನೋವು, ಲಕ್ವ, ಕೆಲವೊಮ್ಮೆ ಸಾವು. ಅಮೆರಿಕ ನೌಕಾಪಡೆಯ ಪಟ್ಟಿ ಪ್ರಕಾರ 60 ಅಡಿಯಲ್ಲಿ ಸುಮಾರು ಒಂದು ಗಂಟೆ ಇದ್ದು ನೇರವಾಗಿ ಮೇಲೆ ಬರಬಹುದು, 100 ಅಡಿಯಲ್ಲಾದರೆ 25 ನಿಮಿಷ ಮಾತ್ರ. ಅದಕ್ಕಿಂತ ಹೆಚ್ಚು ಹೊತ್ತಾದರೆ ದಾರಿಯಲ್ಲಿ ನಿಂತು ನಿಂತು ಏರಬೇಕು.

ಇನ್ನೊಂದು ವಿಷಯ ನಮ್ಮವರ ತಲೆಗೆ ಹೋಗಬೇಕು. ಆ ಪಟ್ಟಿ ಮಾಡಿದ್ದು ಸಮುದ್ರ ಮಟ್ಟಕ್ಕೆ. ನಮ್ಮ ಕೆರೆಗಳು ಇರುವುದು ಸಮುದ್ರಕ್ಕಿಂತ ಸುಮಾರು ಎರಡು ಸಾವಿರ ಅಡಿ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಆದ್ದರಿಂದ ಇಲ್ಲಿನ 60 ಅಡಿಯನ್ನು ಅದಕ್ಕಿಂತ ಹೆಚ್ಚಿನ ಆಳ ಅಂತಲೇ ಲೆಕ್ಕ ಹಿಡಿಯಬೇಕು. ಕರಾವಳಿಯಲ್ಲಿ, ಮುಂಬಯಿಯ ಎಣ್ಣೆಬಾವಿಗಳ ಹತ್ತಿರ ಪಳಗಿದ ಒಳ್ಳೇ ಕೆಲಸಗಾರನೂ ಈ ತಿದ್ದುಪಡಿ ಮಾಡಿಕೊಳ್ಳದೆ ಇಲ್ಲಿ ಇಳಿಯಬಾರದು.

ಪ್ರಾಣ ತೆಗೆಯುವುದು ಆಳವಲ್ಲ, ಸೆಳೆತ

ಹಾಗಾದರೆ ಆಳ ಕಡಿಮೆ ಇದ್ದ ಕಡೆ ಭಯವಿಲ್ಲವೇ? ಇಲ್ಲೇ ಎಲ್ಲರೂ ಎಡವುವುದು.

ಕೊಳವೆಯ ಒಂದು ಕಡೆ ಕೆರೆ, ಇನ್ನೊಂದು ಕಡೆ ಬಾವಿ. ಎರಡರ ನೀರಿನ ಮಟ್ಟ ಒಂದೇ ಇದ್ದರೆ ಮೂತಿಯ ಬಳಿ ಸೆಳೆತವಿಲ್ಲ, ಮಗುವೂ ಕೈ ಇಡಬಹುದು. ಬಾವಿಯ ಮಟ್ಟ ಕೆರೆಗಿಂತ ಬರೀ 3 ಮೀಟರ್ ಕೆಳಗಿದೆ ಅನ್ನಿ. ಮೂತಿ 60 ಸೆಂಟಿಮೀಟರ್ ಅಗಲ ಇದ್ದು ಅದಕ್ಕೆ ಮನುಷ್ಯನ ಮೈ ಅಡ್ಡಬಿದ್ದರೆ ಅವನನ್ನು ಒತ್ತಿ ಹಿಡಿಯುವ ಭಾರ ಎಂಟುನೂರು ಕಿಲೋ ದಾಟುತ್ತದೆ. ಬಾವಿ ಒಣಗಿಸಿ, ಕೊಳವೆಗೆ ಬಿರಡೆ ಹಾಕಿ, ಮೇಲೆ 10 ಮೀಟರ್ ನೀರು ನಿಂತಿದ್ದರೆ ಅದೇ ಮೂತಿಯ ಮೇಲಿನ ಭಾರ 2,800 ಕಿಲೋ. ಒಂದು ಸಣ್ಣ ಆನೆ. ಬಿರಡೆ ಕಿತ್ತ ಕ್ಷಣಕ್ಕೆ ಆ ಆನೆ ಕಾಲಿಡುತ್ತದೆ. ನೀರು ಮೊದಲು ಶಾಂತವಾಗಿಯೇ ಕಾಣುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಒಮ್ಮೆ ಹಿಡಿದರೆ ಮೇಲಿನವರು ಎಷ್ಟು ಜನ ಹಗ್ಗ ಜಗ್ಗಿದರೂ ಬಿಡುವುದಿಲ್ಲ. ಎಳೆದರೆ ಹಗ್ಗ ಹರಿಯಬೇಕು, ಇಲ್ಲವೇ ಮನುಷ್ಯ.

2022ರ ಫೆಬ್ರವರಿ 25ರಂದು ಟ್ರಿನಿಡಾಡ್ ದ್ವೀಪದಲ್ಲಿ ಆದದ್ದು ಇದೇ. ಕೆರೆಯಲ್ಲ, ಸಮುದ್ರ. ನೀರಲ್ಲ, ಎಣ್ಣೆಯ ಕೊಳವೆ. ಆದರೆ ವಿದ್ಯೆ ಒಂದೇ. ಪ್ಯಾರಿಯಾ ಅನ್ನುವ ಸರ್ಕಾರಿ ಇಂಧನ ಕಂಪನಿಯ 30 ಇಂಚಿನ ಕೊಳವೆಯ ದುರಸ್ತಿಗೆ ಕಂಟ್ರಾಕ್ಟರ್ ಕಡೆಯ ಐವರು ಹೋಗಿದ್ದರು. ಕೊಳವೆಯೊಳಗೆ ಒತ್ತಡ ಕಡಿಮೆ ಇದೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಳಗಿನ ಬಿರಡೆ ತೆಗೆದರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಐವರೂ ಕೊಳವೆಯೊಳಗೆ. ಕತ್ತಲೆ, ಎಣ್ಣೆ, ಅಲ್ಲಲ್ಲಿ ಉಳಿದ ಗಾಳಿ. ಒಬ್ಬ ತೆವಳಿಕೊಂಡು ಗಂಟೆಗಟ್ಟಲೆ ಒದ್ದಾಡಿ ಹೊರಬಂದ. ಉಳಿದವರು ಬದುಕಿದ್ದಾರೆ ಅಂತ ಹೇಳಿದ. ಕೊಳವೆ ಬಡಿಯುವ ಸದ್ದು ಹೊರಗೆ ಕೇಳುತ್ತಿತ್ತು. ಒಳಗೆ ಹೋಗುತ್ತೇವೆ ಅಂತ ಮುಂದೆ ಬಂದ ಮುಳುಗುಗಾರರನ್ನು ಕಂಪನಿಯವರು ತಡೆದರು. ನಾಲ್ವರು ಸತ್ತರು. ಜೆರೋಮ್ ಲಿಂಚ್ ಅವರ ನೇತೃತ್ವದ ವಿಚಾರಣಾ ಆಯೋಗ ಕಂಪನಿಯ ನಿರ್ಲಕ್ಷ್ಯವನ್ನು ಕಟುವಾಗಿ ಖಂಡಿಸಿತು. ಖಂಡಿಸಿದ್ದು ಸರಿ. ಸತ್ತವರು ಎದ್ದು ಬರಲಿಲ್ಲ.

ನಮ್ಮಲ್ಲಿ ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸ್ಟೇಷನ್‌ಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ಳುತ್ತಾನೆ. ಹಳ್ಳಿಯ ಹುಡುಗನಿಗೂ ಗೊತ್ತು, ಎಲ್‌ಸಿ ಇಲ್ಲದೆ ಕಂಬ ಮುಟ್ಟಬಾರದು. ಕೊಟ್ಟಮೇಲೂ ಯಾರೋ ಮರೆತು ಸ್ವಿಚ್ ಹಾಕಿ ಪ್ರಾಣ ಹೋದ ಸುದ್ದಿ ಆಗಾಗ ಓದುತ್ತೇವೆ. ನೀರಿನೊಳಗೆ ಇಳಿಯುವವನಿಗೂ ಎಲ್‌ಸಿ ಬೇಕು. ಪಂಪು ನಿಲ್ಲಬೇಕು, ಫ್ಯೂಸ್ ಕಿತ್ತು ಪ್ಯಾನೆಲ್‌ಗೆ ಬೀಗ ಹಾಕಬೇಕು, ಬೀಗದ ಕೈ ಮುಳುಗುವ ತಂಡದ ಮೇಲ್ವಿಚಾರಕನ ಜೇಬಿನಲ್ಲಿರಬೇಕು. ಬಾವಿಯ ಮಟ್ಟ ಕೆರೆಯ ಮಟ್ಟಕ್ಕೆ ಏರುವವರೆಗೆ ಕಾಯಬೇಕು. ಅಳತೆಗೋಲು ಇಟ್ಟು ನೋಡಿ, ಎರಡೂ ಸಮ ಅಂತ ಬರೆದು ಸಹಿ ಮಾಡಿದ ಮೇಲೆ ಇಳಿಯಬೇಕು. ಇದಕ್ಕೆ ಬೇಕಾದದ್ದು ಒಂದು ಬೀಗ, ಒಂದು ಕೋಲು, ಕೆಲವು ಗಂಟೆ ತಾಳ್ಮೆ. ಕೋಟಿ ರೂಪಾಯಿ ಬೇಡ.

ತಾಳ್ಮೆ ಯಾಕೆ ಸಿಗುವುದಿಲ್ಲ?

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಇಷ್ಟು ಸರಳ ನಿಯಮ ಯಾಕೆ ಪಾಲನೆಯಾಗುವುದಿಲ್ಲ? ಇಂಜಿನಿಯರುಗಳು ಕೆಟ್ಟವರೇ? ಅಲ್ಲ. ಅವರ ಕುತ್ತಿಗೆ ಇನ್ನೊಬ್ಬರ ಕೈಯಲ್ಲಿದೆ.

ಮೂತಿ ಒಂದೇ ಇದ್ದರೆ ಪಂಪು ನಿಲ್ಲಿಸುವುದೆಂದರೆ ಊರಿಗೇ ನೀರು ನಿಲ್ಲಿಸುವುದು. ಮೊದಲ ದಿನ ಜನ ಸುಮ್ಮನಿರುತ್ತಾರೆ. ಎರಡನೇ ದಿನ ಖಾಲಿ ಕೊಡ ರಸ್ತೆಗೆ ಬರುತ್ತದೆ. ಮೂರನೇ ದಿನ ಶಾಸಕರ ಫೋನು, ಜಿಲ್ಲಾಧಿಕಾರಿಗಳ ಫೋನು. "ಇನ್ನೂ ಎಷ್ಟೊತ್ತು ಕಣ್ರೀ?" ಇಂಜಿನಿಯರು ಕಂಟ್ರಾಕ್ಟರನ್ನು ಗದರುತ್ತಾನೆ. ಕಂಟ್ರಾಕ್ಟರು ಮೇಸ್ತ್ರಿಯನ್ನು. ಮೇಸ್ತ್ರಿ ಹೇಳುತ್ತಾನೆ, ಒಂದು ಪಂಪು ಮೆಲ್ಲಗೆ ಓಡಲಿ, ಹುಡುಗ ಪಕ್ಕದಿಂದ ಹೋಗಿ ನೋಡಿ ಬರ್ತಾನೆ. ನೋಡಿ, ಖಾಲಿ ಕೊಡದಿಂದ ಹೊರಟ ಒತ್ತಡ ಹೇಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಕೆರೆಯ ತಳದಲ್ಲಿರುವವನ ಎದೆಯ ಮೇಲೆ ಕೂತಿತು! ನೀರಿನ ಒತ್ತಡಕ್ಕೆ ಪಟ್ಟಿ ಉಂಟು, ಲೆಕ್ಕ ಉಂಟು. ಈ ಒತ್ತಡಕ್ಕೆ ಯಾವ ಪಟ್ಟಿಯೂ ಇಲ್ಲ.

ಪರ್ಯಾಯ ಇಲ್ಲದೇ ಹೋದರೆ ಏನಾಗುತ್ತದೆ ಅನ್ನುವುದನ್ನು ನಾವು ಹತ್ತಿರದಲ್ಲೇ ನೋಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳ, 1953ರಿಂದ ನೀರು ಹಿಡಿದ ಅಣೆಕಟ್ಟೆ. ಅಡ್ಡಗಟ್ಟಲು ಬೇಕಾದ ಬದಲಿ ಹಲಗೆ, ಸ್ಟಾಪ್‌ಲಾಗ್, ತಯಾರಿರಲಿಲ್ಲ. ಹಗಲು ರಾತ್ರಿ ಕೂತು ಹೊಸದಾಗಿ ಮಾಡಿಸಬೇಕಾಯಿತು. ಅಷ್ಟರಲ್ಲಿ ರೈತರ ನೀರು ಟಿಎಂಸಿಗಟ್ಟಲೆ ಹೊಳೆ ಪಾಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ನೆತ್ತಿಯ ಮೇಲೆ ನಿಂತು ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ನಾಡೇ ಚಪ್ಪಾಳೆ ತಟ್ಟಿತು. ಚಪ್ಪಾಳೆ ನ್ಯಾಯವಾದದ್ದೇ. ಆದರೆ ಅಂಥ ಸಾಹಸದ ಅಗತ್ಯ ಬಂದದ್ದು ಯಾರ ತಪ್ಪಿನಿಂದ ಅಂತ ಕೇಳಿದವರು ಎಷ್ಟು ಜನ?

ಅದೇ ಆಗಸ್ಟಿನಲ್ಲಿ ತೆಲಂಗಾಣದ ಸುಂಕಿಶಾಲದ ಸುದ್ದಿ ಬಂತು. ಹೈದರಾಬಾದಿಗೆ ನೀರು ಕೊಡಲು ನಾಗಾರ್ಜುನಸಾಗರದ ದಂಡೆಯಲ್ಲಿ ಕಟ್ಟುತ್ತಿದ್ದ ಹೊಸ ಬಾವಿಯ ಕಾಮಗಾರಿ. ಜಲಾಶಯ ಏರಿದ್ದೇ ತಡ, ಗೋಡೆ ಕುಸಿದು ಪಂಪ್‌ಹೌಸ್ ಜಾಗವೆಲ್ಲ ನೀರು. ಕೆಲಸಗಾರರು ಆ ಹೊತ್ತಿಗೆ ಕೆಳಗಿರಲಿಲ್ಲವಾಗಿ ಜೀವ ಉಳಿಯಿತು. ಯೋಜನೆ ಉಳಿದದ್ದು ಎಚ್ಚರಿಕೆಯಿಂದಲ್ಲ, ಜೀವ ಉಳಿದದ್ದು ಅದೃಷ್ಟದಿಂದ. ಕೆರೆ ಅಂಚಿನ ಕಾಮಗಾರಿಯಲ್ಲಿ ನೀರು ಯಾರ ಕ್ಯಾಲೆಂಡರಿಗೂ ಕಾಯುವುದಿಲ್ಲ.

ಎರಡನೇ ಬಾಯಿ

ಪರಿಹಾರ ಏನು? ಎರಡನೇ ಬಾಯಿ. ಇದನ್ನು ಅಮೆರಿಕದ ಲಾಸ್ ವೇಗಸ್ ನಗರ ಮಾಡಿ ತೋರಿಸಿದೆ. ಜೂಜಿನ ಊರು ಅಂತ ಮೂಗು ಮುರಿಯಬೇಡಿ, ನೀರಿನ ವಿಷಯದಲ್ಲಿ ಅವರು ಜೂಜಾಡಲಿಲ್ಲ. ಮರುಭೂಮಿಯ ಆ ಊರಿಗೆ ನೂರರಲ್ಲಿ ತೊಂಬತ್ತು ಪಾಲು ನೀರು ಲೇಕ್ ಮೀಡ್ ಅನ್ನುವ ಒಂದೇ ಜಲಾಶಯದಿಂದ. ಮೊದಲ ಮೂತಿ 1971ರದು. ಅದು ಸಾಲದೆಂದು 2000ದಲ್ಲಿ ಇನ್ನೂ ಕೆಳಗೆ ಎರಡನೆಯದು. ಬರ ಮುಂದುವರಿದು ಜಲಾಶಯ ಇಳಿಯುತ್ತಾ ಹೋದಾಗ, ಕೆರೆಯ ತಳದ ಅಡಿಯಲ್ಲಿ ಸುಮಾರು ಮೂರು ಮೈಲಿ ಸುರಂಗ ಕೊರೆದು 2015ರಲ್ಲಿ ಮೂರನೆಯದು. 80 ಕೋಟಿ ಡಾಲರಿಗೂ ಹೆಚ್ಚು ಖರ್ಚು. ಒಬ್ಬ ಕಾರ್ಮಿಕನ ಜೀವವೂ ಹೋಯಿತು, ಅದನ್ನು ಮುಚ್ಚಿಡಬಾರದು. 2022ರ ಏಪ್ರಿಲ್‌ನಲ್ಲಿ ಮೊದಲ ಮೂತಿ ನೀರಿನಿಂದ ಮೇಲೆದ್ದು ಬಿಸಿಲು ಕಂಡಿತು. ಊರಿನ ನಲ್ಲಿ ನಿಲ್ಲಲಿಲ್ಲ.

ಅಮೆರಿಕದ ದುಡ್ಡು ನಮ್ಮಲ್ಲಿ ಎಲ್ಲಿಂದ ತರೋಣ ಅಂತ ಇಲಾಖೆಯವರು ಕೇಳಬಹುದು. ಅಷ್ಟು ದೂರ ಹೋಗುವುದು ಬೇಡ, ಚನ್ನಗಿರಿಯವರೆಗೆ ಹೋಗಿ. ನೂರಾರು ವರ್ಷಗಳ ಹಿಂದೆ, ಸಿಮೆಂಟು ಇಲ್ಲದ ಕಾಲದಲ್ಲಿ ಕಟ್ಟಿದ ಸೂಳೆಕೆರೆಗೆ ಎರಡು ತೂಬು. ಒಂದು ಸಿದ್ಧ, ಇನ್ನೊಂದು ಬಸವ. ಆ ಕಾಲದ ಒಡ್ಡರು, ಕಲ್ಲುಕುಟಿಗರು ಯಾವ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದರು? ಆದರೂ ಅಷ್ಟು ದೊಡ್ಡ ಕೆರೆಯನ್ನು ಒಂದೇ ಬಾಯಿಗೆ ಒಪ್ಪಿಸಲಿಲ್ಲ.

ಎರಡನೇ ಮೂತಿ ಅಂದರೆ ಇನ್ನೊಂದು ಯೋಜನೆಯೇ ಅಲ್ಲ. ಅದೇ ಬಾವಿಗೆ ಬೇರೆ ಮಟ್ಟದಲ್ಲಿ ಇನ್ನೊಂದು ಕೊಳವೆ, ಪ್ರತಿಯೊಂದಕ್ಕೂ ಬಾವಿಯ ಕಡೆ ಬೇರೆ ಬೇರೆ ಗೇಟು. ಬಾವಿಯನ್ನು ನಡುವೆ ಗೋಡೆ ಹಾಕಿ ಎರಡು ಭಾಗ ಮಾಡಿದರೆ ಇನ್ನೂ ಉತ್ತಮ. ಒಂದು ಭಾಗ ನಿಂತರೆ ಇನ್ನೊಂದು ಓಡುತ್ತದೆ. ಆಗ ಊರಿಗೆ ಅರ್ಧ ನೀರಾದರೂ ಇರುತ್ತದೆ, ಕೆಳಗಿಳಿದವನ ಹತ್ತಿರದ ಮೂತಿಗೆ ಸೆಳೆತವೂ ಇರುವುದಿಲ್ಲ. ಎರಡು ಮೂತಿಗಳ ನಡುವೆ ಸಾಕಷ್ಟು ಅಂತರ ಇರಬೇಕು, ಅಷ್ಟೇ. ಸಾವಿರಾರು ಕೋಟಿಯ ಯೋಜನೆಯಲ್ಲಿ ನೂರಾರು ಕಿಲೋಮೀಟರ್ ಪೈಪು ಹಾಕಲು ದುಡ್ಡಿದ್ದವರಿಗೆ ಕೆರೆಯೊಳಗಿನ ಇನ್ನೊಂದು ತುಂಡಿಗೆ ದುಡ್ಡಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಕೊರತೆ ಇರುವುದು ದುಡ್ಡಿಗಲ್ಲ, ಕಾಣದ ಕೆಲಸಕ್ಕೆ.

ಮುಳುಗುವವನು ಯಾರವನು?

ನಮ್ಮಲ್ಲಿ ಮುಳುಗುವವರ ನೆನಪಾಗುವುದು ಹೆಣ ಹುಡುಕುವಾಗ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಯ ಸೆಳವಿಗೆ ಇಳಿದ ಈಶ್ವರ ಮಲ್ಪೆಯವರನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ಹೊಳೆಯಿಂದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿಯವರೆಗೆ ಮುಳುಗುವುದೆಂದರೆ ಏನು ಅಂತ ಬಯಲುಸೀಮೆಯವರಿಗೂ ಸ್ವಲ್ಪ ಅರ್ಥವಾಯಿತು. ಆಮೇಲೆ ಮರೆತೆವು.

ಬಯಲುಸೀಮೆಗೂ ತನ್ನದೇ ಮುಳುಗುಗಾರ ಇದ್ದ. ನೀರುಗಂಟಿ. ಕೆರೆಯ ತೂಬಿನ ಬಿರಡೆ ಸಿಕ್ಕಿಕೊಂಡರೆ ಲಂಗೋಟಿ ಕಟ್ಟಿಕೊಂಡು ಉಸಿರು ಹಿಡಿದು ಇಳಿಯುತ್ತಿದ್ದವನು ಅವನೇ. ಯಾವ ಮೂಲೆಯಲ್ಲಿ ಸೆಳೆತ, ಯಾವ ಕಲ್ಲು ಸಡಿಲ ಅಂತ ಅವನ ಕಾಲಿಗೆ ಗೊತ್ತಿತ್ತು. ಊರು ಅವನಿಗೆ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿತ್ತು, ಮಾನ್ಯದ ಹೊಲ ಬಿಟ್ಟುಕೊಡುತ್ತಿತ್ತು. ಬಡವನೇ ಇರಬಹುದು, ಆದರೆ ಇಂಥವನು ನಮ್ಮ ಕೆರೆಗೆ ಇಳಿಯುತ್ತಾನೆ ಅಂತ ಊರಿಗೆ ಗೊತ್ತಿತ್ತು. ಈಗ ಟೆಂಡರ್ ಕಾಗದದಲ್ಲಿ ಕೊಳವೆಯ ವ್ಯಾಸ ಇರುತ್ತದೆ, ದಪ್ಪ ಇರುತ್ತದೆ, ಉದ್ದ ಇರುತ್ತದೆ. ಮುಳುಗುವವನಿಗೆ ಸಿಕ್ಕುವುದು "ನೀರಿನೊಳಗಿನ ಕೆಲಸ ಸೇರಿದಂತೆ" ಅನ್ನುವ ಅರ್ಧ ಸಾಲು. ಆ ಅರ್ಧ ಸಾಲು ಒಬ್ಬ ಕಂಟ್ರಾಕ್ಟರಿನಿಂದ ಇನ್ನೊಬ್ಬನಿಗೆ, ಅವನಿಂದ ಮತ್ತೊಬ್ಬನಿಗೆ ದಾಟುತ್ತಾ ಹೋಗುತ್ತದೆ. ಪ್ರತಿ ದಾಟಿನಲ್ಲೂ ಸ್ವಲ್ಪ ದುಡ್ಡು ಸೋರುತ್ತದೆ. ಕೊನೆಗೆ ಉಳಿದದ್ದರಲ್ಲಿ ಮೇಲೆ ಕಾಯುವ ಎರಡನೆಯವನ ಕೂಲಿ ಗಿಟ್ಟುವುದಿಲ್ಲ.

ಇದೇ ಕಥೆ ನಾವು ಮ್ಯಾನ್‌ಹೋಲಿನಲ್ಲಿ ನೋಡಿದ್ದೇವೆ. ಮಲಗುಂಡಿಗೆ ಮನುಷ್ಯನನ್ನು ಇಳಿಸಬಾರದು ಅಂತ 2013ರಲ್ಲಿ ಕಾಯ್ದೆ ಬಂತು. ಸಾವು ನಿಲ್ಲಲಿಲ್ಲ. ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಪರಿಹಾರದ ಮೊತ್ತ ಏರುತ್ತಿದೆ ಅಂದರೆ ಪಾಠ ಕಲಿತಿಲ್ಲ ಅಂತಲೇ ಅರ್ಥ. ಕೆರೆ ತಳದ ಕೊಳವೆಗೂ ಅದೇ ಗತಿ ಬರುವ ಮೊದಲು ಎಚ್ಚೆತ್ತುಕೊಳ್ಳಬಾರದೇ?

ಏನಾಗಬೇಕು?

ಜಿಲ್ಲಾಡಳಿತ, ನಗರಸಭೆ, ನೀರು ಸರಬರಾಜು ಮಂಡಳಿಯವರಿಗೆ ಈ ಅಂಕಣದ ಐದು ಮಾತು.

ಒಂದು, ಜಿಲ್ಲೆಗೆ ನೀರು ಕೊಡುವ ಪ್ರತಿ ಜಲಾಶಯದ ಮೂತಿ ಎಲ್ಲಿದೆ, ಎಷ್ಟು ಆಳದಲ್ಲಿದೆ, ಯಾವ ವರ್ಷದ್ದು ಅನ್ನುವ ನಕ್ಷೆಯನ್ನು ಪಂಪ್‌ಹೌಸಿನ ಗೋಡೆಗೆ ತೂಗುಹಾಕಿ. ಇಂಜಿನಿಯರು ವರ್ಗವಾದರೆ ನಕ್ಷೆಯೂ ಅವರ ತಲೆಯಲ್ಲೇ ವರ್ಗವಾಗಿ ಹೋಗಬಾರದು.

ಎರಡು, ವರ್ಷಕ್ಕೊಮ್ಮೆ ಕೆಟ್ಟಿರಲಿ ಬಿಡಲಿ ಮೂತಿಯನ್ನು ಪರೀಕ್ಷೆ ಮಾಡಿಸಿ. ಈಗ ಕ್ಯಾಮೆರಾ ಕಟ್ಟಿದ ಯಂತ್ರಗಳನ್ನೂ ಇಳಿಸಬಹುದು. ಬರೀ ನೋಡುವುದಕ್ಕೆ ಮನುಷ್ಯ ಇಳಿಯಬೇಕಾಗಿಲ್ಲ.

ಮೂರು, ಪಂಪು ಬೀಗ, ಮಟ್ಟದ ಅಳತೆ, ಸಹಿ ಈ ಮೂರೂ ಇಲ್ಲದೆ ಯಾರೂ ನೀರಿಗೆ ಇಳಿಯಬಾರದು. ಸಹಿ ಹಾಕುವವನು ಗುಮಾಸ್ತನಲ್ಲ, ಕಾರ್ಯಪಾಲಕ ಇಂಜಿನಿಯರ್. ತುರ್ತು ಅಂತ ಬಾಯಿಮಾತಿನ ಆದೇಶ ಬಂದರೆ ಮುಳುಗುವವನಿಗೆ ಒಲ್ಲೆ ಅನ್ನುವ ಹಕ್ಕು ಟೆಂಡರಿನಲ್ಲೇ ಬರೆದಿರಲಿ.

ನಾಲ್ಕು, ಮುಳುಗುವ ತಂಡಕ್ಕೆ ಟೆಂಡರಿನಲ್ಲಿ ಪ್ರತ್ಯೇಕ ದರ ಇಡಿ. ಎಷ್ಟು ಜನ, ಏನೇನು ಸಲಕರಣೆ, ವಿಮೆ ಎಷ್ಟು, ಹತ್ತಿರದ ಒತ್ತಡ ಚಿಕಿತ್ಸಾ ಕೋಣೆ ಎಲ್ಲಿ ಅನ್ನುವುದು ಕಾಗದದಲ್ಲಿರಲಿ. ಕೈದಾಟಿಸುವ ಉಪಗುತ್ತಿಗೆ ಬೇಡ.

ಐದು, ಇನ್ನು ಮುಂದೆ ಯಾವ ಹೊಸ ಯೋಜನೆಗೂ ಒಂದೇ ಮೂತಿಯ ನಕ್ಷೆಗೆ ಒಪ್ಪಿಗೆ ಕೊಡಬೇಡಿ. ಹಳೆಯವಕ್ಕೆ ಎರಡನೆಯದು ಸೇರಿಸಿ.

ಓದುಗರಿಗೂ ಒಂದು ಮಾತು. ದುರಸ್ತಿಗಾಗಿ ಎರಡು ದಿನ ನೀರು ನಿಲ್ಲುತ್ತದೆ ಅಂತ ನಗರಸಭೆಯ ಆಟೋ ಮೈಕಿನಲ್ಲಿ ಸಾರಿಕೊಂಡು ಹೋದರೆ ಕೊಡ ಹಿಡಿದು ರಸ್ತೆಗೆ ಇಳಿಯುವ ಮೊದಲು ಒಂದು ಪ್ರಶ್ನೆ ಕೇಳಿ: ಒಳಗೆ ಯಾರಾದರೂ ಇಳಿದಿದ್ದಾರೆಯೇ? ಇಳಿದಿದ್ದರೆ ಮೂರನೇ ದಿನವೂ ತಾಳಿಕೊಳ್ಳೋಣ. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿ ಕೊಟ್ಟ ಕಥೆಯನ್ನು ನಮ್ಮ ಹೆಂಗಸರು ಬೀಸುಕಲ್ಲಿನ ಮುಂದೆ ಹಾಡಿ ಅತ್ತಿದ್ದಾರೆ. ಅಂಥ ಹಾರ ಕೆರೆಗೆ ಇನ್ನೊಂದು ಬೇಡ. ಅದಕ್ಕೆ ಬೇಕಾದದ್ದು ಇನ್ನೊಂದು ಕೊಳವೆ. ಅದನ್ನು ಕೊಡುವುದು ಸರ್ಕಾರದ ಕೆಲಸ, ಕೇಳುವುದು ನಮ್ಮ ಕೆಲಸ.